ಪೋಸ್ಟರ್ ಬರೆಯುವವರೂ ಕಲಾವಿದರೇ

 

ಜಾತ್ರೆ ಬಂತೆಂದರೆ ನಮಗಷ್ಟೇ ಅಲ್ಲ, ಕೊಡೇಕಲ್ಲಿನ ಗೋಡೆಗಳಿಗೂ ಹೊಸ ಬಟ್ಟೆ. ನಾಟಕದ ಪೋಸ್ಟರ್, ಸಿನಿಮಾ ಪೋಸ್ಟರ್, ಬೀಜ-ಗೊಬ್ಬರದ ಜಾಹೀರಾತು ಎಲ್ಲಾ ಒಂದರ ಪಕ್ಕ ಒಂದು. ನಾವು ನೋಡುತ್ತೇವೆ, ಓದುತ್ತೇವೆ, ಮುಂದೆ ಹೋಗುತ್ತೇವೆ. ಆದರೆ ಇದನ್ನ ಬರದವರು ಯಾರು ಅಂತ ಯಾರೂ ಕೇಳೂದಿಲ್ಲ. ಈ ಪೋಸ್ಟರ್ ಕಲೆ ಎಲ್ಲಿ ಬೆಳೆಯಿತು, ನಮ್ಮ ದೇಶಕ್ಕೆ ಹೇಗೆ ಬಂತು, ನಮ್ಮ ಗುಲ್ಬರ್ಗದವರೇ ಆದ ಒಬ್ಬರು ಇದರಲ್ಲಿ ಎಷ್ಟು ದೊಡ್ಡ ಹೆಸರು ಮಾಡಿದರು ಎಂಬುದನ್ನು ಈ ಲೇಖನದಲ್ಲಿ ಬರೆದಿದ್ದೇನೆ.

ಕಲ್ಲಿನಿಂದ ಅಚ್ಚು

ಹಿಂದೆ ಕೈಯಿಂದ ಬರೆದ ಚಿತ್ರ ಎಂದರೆ ಒಂದೇ ಒಂದು ಪ್ರತಿ. ಸುರಪುರದ ಅರಸರ ಕಾಲದಲ್ಲಿ ಬಂಗಾರದ ಬಣ್ಣ ಹಾಕಿದ ಸುಂದರ ಚಿತ್ರಗಳಿದ್ದವು. ಆದರೆ ಅವನ್ನು ನೋಡಲು ಅರಮನೆಯೊಳಗೋ ಶ್ರೀಮಂತರ ಮನೆಯೊಳಗೋ ಹೋಗಬೇಕಿತ್ತು. ಸಾವಿರ ಜನ ನೋಡಬೇಕೆಂದರೆ ಸಾವಿರ ಪ್ರತಿ ಬೇಕು. ಅದಕ್ಕೆ ಸುಲಭದ ದಾರಿ ತೋರಿಸಿದವನು ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್. ೧೭೯೬ರ ಸುಮಾರಿಗೆ ಆತ ಕಲ್ಲಚ್ಚನ್ನು ಕಂಡುಹಿಡಿದ.

ಇದಕ್ಕೆ ಬೇಕಾದದ್ದು ಬಹಳ ನಯವಾದ ಸುಣ್ಣದ ಕಲ್ಲು. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲಿನ ಜಾತಿಯೇ. ಆದರೆ ಅಚ್ಚಿನ ಕಲ್ಲು ಇನ್ನೂ ನಯ.

ಇದರ ಗುಟ್ಟು ತಿಳಿಯಬೇಕಾದರೆ ಮಿರ್ಚಿ ಭಜಿ ಕಟ್ಟಿ ಕೊಟ್ಟ ಕಾಗದದ ಮೇಲೆ ಎರಡು ಹನಿ ನೀರು ಹಾಕಿ ನೋಡ್ರಿ. ಎಣ್ಣಿ ಹತ್ತಿದ ಜಾಗಾದಾಗ ನೀರು ನಿಲ್ಲಂಗಿಲ್ಲ, ಜಾರತದ. ಕಲ್ಲಚ್ಚು ನಡೆಯುವುದು ಇದೇ ಗುಣದಿಂದ. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಬರೆಯುತ್ತಾರೆ. ಗೋಂದು ಮತ್ತು ಸ್ವಲ್ಪ ಆಮ್ಲ ಹಚ್ಚಿ ಹದ ಮಾಡಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡುತ್ತಾರೆ. ಖಾಲಿ ಜಾಗ ನೀರು ಕುಡಿಯುತ್ತದೆ, ಜಿಡ್ಡಿನ ಗೆರೆ ನೀರನ್ನು ದೂಡುತ್ತದೆ. ಆಮೇಲೆ ಎಣ್ಣೆಯ ಶಾಯಿ ಉರುಳಿಸಿದರೆ ಅದು ಗೆರೆಗಳಿಗೆ ಮಾತ್ರ ಹತ್ತುತ್ತದೆ. ಮೇಲೆ ಕಾಗದ ಇಟ್ಟು ಒತ್ತಿದರೆ ಚಿತ್ರ ತಯಾರು. ಬಣ್ಣದ ಚಿತ್ರಕ್ಕೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು. ಕಾಗದ ಒಂದಿಷ್ಟು ಸರಿದರೂ ತುಟಿಯ ಕೆಂಪು ಗಲ್ಲದ ಮೇಲೆ ಹೋಗಿ ಬೀಳುತ್ತದೆ!

ಪ್ಯಾರಿಸ್ಸಿನ ಗೋಡೆಗಳು

೧೮೫೮ನೇ ಇಸವಿ ನಮಗೆಲ್ಲ ಗೊತ್ತಿರುವುದೇ. ಬ್ರಿಟಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕರು ಸೆರೆಯಾಗಿ ತೀರಿಕೊಂಡ ವರ್ಷ. ಅದೇ ವರ್ಷ ದೂರದ ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ ಜೂಲ್ ಶೆರೆ ಎಂಬ ಯುವಕ ಒಂದು ಸಂಗೀತ ನಾಟಕಕ್ಕೆ ಬಣ್ಣದ ಪೋಸ್ಟರ್ ಮಾಡಿದ. ಶೆರೆ ಬಡವರ ಮನೆಯ ಹುಡುಗ. ತಂದೆಯದು ಛಾಪಖಾನೆಯಲ್ಲಿ ಅಕ್ಷರ ಜೋಡಿಸುವ ಕೆಲಸ. ನಾವು ಹೈಸ್ಕೂಲಿಗೆ ಬರುವ ೧೩ನೇ ವಯಸ್ಸಿಗೆ ಆತ ಕಲ್ಲಚ್ಚಿನ ಕೆಲಸ ಕಲಿಯಲು ಸೇರಿದ್ದ. ಮುಂದೆ ಲಂಡನ್ನಿನಲ್ಲಿ ಕೆಲವು ವರ್ಷ ದುಡಿದು, ಅಲ್ಲಿಯ ದೊಡ್ಡ ಯಂತ್ರಗಳ ಕೆಲಸ ತಿಳಿದುಕೊಂಡು, ೧೮೬೬ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನದೇ ಮುದ್ರಣಾಲಯ ತೆರೆದ. ಒಂದು ಸಾವಿರಕ್ಕಿಂತ ಹೆಚ್ಚು ಪೋಸ್ಟರ್ ಬರೆದ. ೧೮೯೦ರಲ್ಲಿ ಅಲ್ಲಿಯ ಸರ್ಕಾರ ಆತನಿಗೆ ಲೀಜನ್ ಆಫ್ ಆನರ್ ಎಂಬ ಗೌರವ ಕೊಟ್ಟಿತು.

ಈ ಕಲೆ ಹಬ್ಬಲು ಒಂದು ಕಾನೂನೂ ಕಾರಣ. ೧೮೮೧ರ ಜುಲೈ ೨೯ರ ಪತ್ರಿಕಾ ಸ್ವಾತಂತ್ರ್ಯದ ಕಾನೂನು ಪೋಸ್ಟರ್ ಹಚ್ಚುವುದಕ್ಕೂ ಸ್ವಾತಂತ್ರ್ಯ ಕೊಟ್ಟಿತು. ಹಚ್ಚಬಾರದ ಗೋಡೆಗಳ ಮೇಲೆ ಮಾತ್ರ "ಇಲ್ಲಿ ಹಚ್ಚಬಾರದು" ಎಂದು ಆ ತಾರೀಖಿನ ಸಮೇತ ಬರೆಯುತ್ತಿದ್ದರು.

ಶೆರೆಯ ನಂತರ ಬಂದವರಲ್ಲಿ ಮೂವರನ್ನು ಹೇಳಲೇಬೇಕು. ತುಲೂಸ್ ಲೋತ್ರೆಕ್ ದೊಡ್ಡ ಮನೆತನದವನು. ಹುಡುಗನಿದ್ದಾಗಲೇ ಎರಡೂ ತೊಡೆಯ ಎಲುಬು ಮುರಿದು ಕಾಲು ಬೆಳೆಯಲಿಲ್ಲ. ೧೮೯೧ರಲ್ಲಿ ಮೂಲಾಂ ರೂಜ್ ಎಂಬ ನೃತ್ಯಶಾಲೆಗೆ ಆತ ಬರೆದ ಪೋಸ್ಟರಿನಲ್ಲಿ ಹಿಂದೆ ನಿಂತ ಪ್ರೇಕ್ಷಕರೆಲ್ಲಾ ಬರೀ ಕರಿ ನೆರಳು, ನಡುವೆ ಕುಣಿಯುವವಳಿಗೆ ಮಾತ್ರ ಬೆಳಕು. ನಡೆದು ಹೋಗುವವನ ಕಣ್ಣು ನೇರ ಅಲ್ಲಿಗೇ ಹೋಗಬೇಕು, ಅದಕ್ಕೇ ಹಾಗೆ. ಎರಡನೆಯವನು ಅಲ್ಫೋನ್ಸ್ ಮುಖಾ, ಈಗಿನ ಚೆಕ್ ದೇಶದವನು. ಸಾರಾ ಬರ್ನಾರ್ಡ್ ಎಂಬ ಪ್ರಸಿದ್ಧ ನಾಟಕ ನಟಿಗಾಗಿ ಆತ ಬರೆದ ಆಳೆತ್ತರಕ್ಕಿಂತ ದೊಡ್ಡ ಪೋಸ್ಟರ್ ೧೮೯೫ರ ಜನವರಿ ೧ರಂದು ಗೋಡೆಗಳ ಮೇಲೆ ಬಂತು. ಆಕೆ ಕೂಡಲೇ ಆತನ ಜೊತೆ ಆರು ವರ್ಷದ ಕರಾರು ಮಾಡಿಕೊಂಡಳು. ಮೂರನೆಯವನು ಸ್ತೈನ್ಲೆನ್. ಹಾಲಿನ ಜಾಹೀರಾತಿಗೆ ತನ್ನ ಮಗಳನ್ನೇ ಬರೆದ. ಆಕೆ ಬಟ್ಟಲು ಎತ್ತಿ ಹಾಲು ಕುಡಿಯುತ್ತಿದ್ದಾಳೆ, ಕೆಳಗೆ ಬೆಕ್ಕುಗಳು ಮುಖ ಮೇಲೆತ್ತಿ ಕಾಯುತ್ತಿವೆ. ಓದಲು ಬಾರದವರಿಗೂ ಹಾಲು ಒಳ್ಳೇದದ ಅಂತ ತಿಳೀತದ!

ಜನ ಈ ಪೋಸ್ಟರುಗಳನ್ನು ಗೋಡೆಯಿಂದ ಕಿತ್ತು ಮನೆಗೆ ಒಯ್ಯತೊಡಗಿದರು. ೧೮೯೫ರಿಂದ ೧೯೦೦ರವರೆಗೆ ಒಳ್ಳೆಯ ೨೫೬ ಚಿತ್ರಗಳನ್ನು ಸಣ್ಣದಾಗಿ ಮುದ್ರಿಸಿ ತಿಂಗಳು ತಿಂಗಳು ಮಾರಿದರು.

ನಮ್ಮ ಕಡೆಗೆ

ಇದೇ ಕಾಲಕ್ಕೆ, ೧೮೯೪ರಲ್ಲಿ, ರಾಜಾ ರವಿವರ್ಮ ಮುಂಬೈಯಲ್ಲಿ ಜರ್ಮನಿಯ ಯಂತ್ರ ತರಿಸಿ ಕಲ್ಲಚ್ಚಿನ ಮುದ್ರಣಾಲಯ ಹಾಕಿದರು. ಲಕ್ಷ್ಮಿ, ಸರಸ್ವತಿ ಬಡವರ ಮನೆಯ ಗೋಡೆಗೂ ಬಂದರು. ಮುಂದೆ ಅಂಗಡಿಯ ಕ್ಯಾಲೆಂಡರಿನಲ್ಲಿ ಮೇಲೆ ದೇವರು, ಕೆಳಗೆ ಅಂಗಡಿ ಹೆಸರು ಎಂಬ ಪದ್ಧತಿ ಎಲ್ಲ ಕಡೆ ಹರಡಿತು.

ಈ ಕ್ಯಾಲೆಂಡರ್ ಮತ್ತು ಸಿನಿಮಾ ಚಿತ್ರಗಳಲ್ಲಿ ದೊಡ್ಡ ಹೆಸರು ಎಸ್.ಎಂ. ಪಂಡಿತರದು. ಪೂರ್ತಿ ಹೆಸರು ಸಾಂಬಾನಂದ ಮೋನಪ್ಪ ಪಂಡಿತ. ೧೯೧೬ರಲ್ಲಿ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಹುಟ್ಟಿದರು. ೨೦೦೯ರವರೆಗೆ ನಮ್ಮ ಯಾದಗಿರಿಯೂ ಅದೇ ಜಿಲ್ಲೆಯಲ್ಲಿತ್ತು, ಹಂಗಾಗಿ ಅವರು ನಮ್ಮವರೇ! ಮದ್ರಾಸಿನಲ್ಲಿಯೂ ಮುಂಬೈಯಲ್ಲಿಯೂ ಚಿತ್ರಕಲೆ ಕಲಿತರು. ಮುಂಬೈಯಲ್ಲಿ ಇಂಗ್ಲಿಷ್ ಸಿನಿಮಾಗಳಿಗೆ ಶೋಕಾರ್ಡ್ ಬರೆದರು. ಶೋಕಾರ್ಡ್ ಎಂದರೆ ಟಾಕೀಸಿನಲ್ಲಿ ಜನ ಟಿಕೆಟ್ ತಗೊಳ್ಳುವ ಮೊದಲು ನೋಡಲೆಂದು ಇಡುವ ಚಿತ್ರ. ಆ ಕಾಲದಲ್ಲಿ ಬಹಳ ಹೆಸರಾಗಿದ್ದ 'ಫಿಲ್ಮ್ ಇಂಡಿಯಾ' ಪತ್ರಿಕೆಗೆ ಮುಖಪುಟಗಳನ್ನು ಬರೆದರು. ರಾಮಾಯಣ, ಮಹಾಭಾರತ, ಪುರಾಣಗಳ ಅವರ ಚಿತ್ರಗಳು ಕ್ಯಾಲೆಂಡರ್ ಆಗಿ ಎಷ್ಟೋ ಮನೆ ಸೇರಿದವು. ಕಡೆಯ ವರ್ಷಗಳಲ್ಲಿ ಊರಿಗೆ ಮರಳಿ ಬಂದರು. ೧೯೯೩ರಲ್ಲಿ ತೀರಿಕೊಂಡರು. ಕಲಬುರಗಿಯ ದೊಡ್ಡ ರಂಗಮಂದಿರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಹೊಟ್ಟಿ ತುಂಬತದೇನು?

ನನಗೂ ಚಿತ್ರ ಬರೆಯುವ ಹುಚ್ಚು. ಮನೆಯಲ್ಲಿ ಕೇಳುವುದು ಒಂದೇ ಮಾತು: "ಚಿತ್ರ ಬರದ್ರ ಹೊಟ್ಟಿ ತುಂಬತದೇನು?" ಅವರು ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಕಾಕಾ ಅಂಗಡಿ ಬೋರ್ಡು, ಗೋಡೆ ಜಾಹೀರಾತು ಬರೆಯುತ್ತಿದ್ದರು. ದಾರ ಹಿಡಿದು ಗೆರೆ ಹೊಡೆದು ಅವರು ಬರೆದ ಅಕ್ಷರ ಅಚ್ಚು ಹಾಕಿದಂಗ ಇರುತ್ತಿದ್ದವು. ಫ್ಲೆಕ್ಸ್ ಬಂತು, ಕೆಲಸ ಹೋಯಿತು. ಈಗ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ.

ಆದರೂ ನನಗೆ ಅನ್ನಿಸುವುದು ಇಷ್ಟು. ಶೆರೆಯೂ ಹೊಟ್ಟೆಗಾಗಿಯೇ ಬರೆದ, ಪಂಡಿತರೂ ಕೂಲಿ ತಗೊಂಡೇ ಬರೆದರು. ರೊಕ್ಕಕ್ಕೆ ಬರೆದರೆ ಚಿತ್ರ ಸಣ್ಣದಾಗುವುದಿಲ್ಲ, ಮನಸ್ಸಿಲ್ಲದೆ ಬರೆದರೆ ಆಗುತ್ತದೆ. ಇನ್ನು ಯಂತ್ರ ಬಂದದ್ದು ಇದೇ ಮೊದಲಲ್ಲ. ಶೆರೆ ಯಂತ್ರಕ್ಕೆ ಹೆದರಿ ಕೂಡಲಿಲ್ಲ, ಹೋಗಿ ಕಲಿತ. ಫ್ಲೆಕ್ಸ್ ಮೇಲಿನ ಚಿತ್ರವನ್ನೂ ಯಾರಾದರೂ ಮೊದಲು ಮನಸ್ಸಿನಲ್ಲಿ ಕಾಣಲೇಬೇಕಲ್ಲ! ಕುಂಚ ಹಿಡಿದವರಿಗೇ ಕಂಪ್ಯೂಟರ್ ಕಲಿಸುವವರು ನಮ್ಮ ಕಡೆ ಇದ್ದಿದ್ದರೆ ನಮ್ಮ ಕಾಕಾ ಊರಲ್ಲೇ ಇರುತ್ತಿದ್ದರೋ ಏನೋ.

ಇನ್ನೊಂದು ಮಾತು. ಚಂದದ ಪೋಸ್ಟರ್ ಹೇಳುವುದೆಲ್ಲಾ ನಿಜ ಅಲ್ಲ. ಪ್ಯಾರಿಸ್ಸಿನ ಗೋಡೆಗಳ ಮೇಲೆ ಆಬ್ಸಿಂಥ್ ಎಂಬ ಮದ್ಯಕ್ಕೂ ಬಲು ಚಂದದ ಪೋಸ್ಟರ್ ಇದ್ದವು. ೧೯೧೫ರಲ್ಲಿ ಫ್ರಾನ್ಸ್ ಆ ಮದ್ಯವನ್ನೇ ನಿಷೇಧಿಸಿತು. ನಮ್ಮಲ್ಲಿ ಗುಟಕಾ ಕಂಪನಿಗಳ ಬಣ್ಣದ ಚಿತ್ರ ನೋಡಿದಾಗ ಇದು ನೆನಪಿರಲಿ. ಚಿತ್ರ ಮೆಚ್ಚೋಣ, ಮಾಲು ಮಾತ್ರ ವಿಚಾರ ಮಾಡಿ ತಗೊಳ್ಳೋಣ.

ಗೆಳೆಯರೇ, ಇವತ್ತು ಮನೆಗೆ ಹೋಗಿ ಹಳೆಯ ಕ್ಯಾಲೆಂಡರ್, ಕಟ್ಟು ಹಾಕಿದ ದೇವರ ಫೋಟೋಗಳ ಕೆಳಗಿನ ಮೂಲೆಯನ್ನು ಸ್ವಲ್ಪ ಒರೆಸಿ ನೋಡ್ರಿ. ಅಲ್ಲಿ ಸಣ್ಣ ಅಕ್ಷರದಾಗ ಕಲಾವಿದರ ಹೆಸರು ಇರಬಹುದು. ಪಂಡಿತರ ಹೆಸರು ಸಿಕ್ಕವರು ನನಗೂ ಡ್ರಾಯಿಂಗ್ ಸರ್‌ಗೂ ತಿಳಿಸಿರಿ.

— ಹತ್ತನೇ ತರಗತಿಯ ವಿದ್ಯಾರ್ಥಿ