ತೀರ್ಪಿನಲ್ಲಿದೆ ಪಾಲು, ಪಹಣಿಯಲ್ಲಿಲ್ಲ ಹೆಸರು

ತಾಲ್ಲೂಕು ಕೇಂದ್ರಗಳ ಸಿವಿಲ್ ನ್ಯಾಯಾಲಯಗಳಲ್ಲಿ ಪಾಲುವಿಭಾಗದ ದಾವೆಗಳಿಗೆ ಬರವಿಲ್ಲ. ಎಷ್ಟೋ ದಾವೆಗಳಲ್ಲಿ ವಾದಿ ಅಕ್ಕ ಅಥವಾ ತಂಗಿ, ಪ್ರತಿವಾದಿ ಒಡಹುಟ್ಟಿದವನು. ವಿವಾದದ ವಸ್ತು ಪಿತ್ರಾರ್ಜಿತ ಜಮೀನು. ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಕಾನೂನು ಈಗ ಸ್ಪಷ್ಟವಾಗಿದೆ. ಆದರೂ ಆ ಹಕ್ಕು ಹೊಲದ ಬದುವಿನವರೆಗೆ ತಲುಪುವುದು ಇಷ್ಟು ಕಷ್ಟವಾಗಿರುವುದೇಕೆ?

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಮಗಳಿಗೆ ದೊರೆಯುತ್ತಿದ್ದುದು ತಂದೆಯ ಪಾಲಿನಲ್ಲೊಂದು ಪಾಲು ಮಾತ್ರ. ತಾಯಿ ಮೊದಲೇ ತೀರಿಕೊಂಡಿರುವ, ಇಬ್ಬರು ಗಂಡು, ಒಬ್ಬ ಹೆಣ್ಣುಮಗಳಿರುವ ಕುಟುಂಬಕ್ಕೆ ಒಂಬತ್ತು ಎಕರೆ ಇದೆಯೆನ್ನೋಣ. ತಂದೆಯ ನಿಧನಾನಂತರ ಮಗಳಿಗೆ ಬರುತ್ತಿದ್ದುದು ಒಂದು ಎಕರೆ. ಇಂದು ಮೂರು ಎಕರೆ. ಕರ್ನಾಟಕವು 1994ರ ಜುಲೈ 30ರಿಂದ ಜಾರಿಗೆ ಬಂದ ತನ್ನದೇ ತಿದ್ದುಪಡಿಯ ಮೂಲಕ ಮಗಳನ್ನು ಸಹದಾಯಾದಳನ್ನಾಗಿ ಮಾಡಿತಾದರೂ ಅದಕ್ಕೆ ಮುನ್ನ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು.

ತಿದ್ದುಪಡಿಯ ದಿನ ತಂದೆ ಬದುಕಿರಬೇಕೇ ಎಂಬ ಪ್ರಶ್ನೆ ಮುಂದೆ ಹದಿನೈದು ವರ್ಷ ಕಾಡಿತು. ಇರಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2018ರ ತೀರ್ಪು ಬೇರೆ ದಾರಿ ಹಿಡಿಯಿತು. ಎರಡೂ ಕರ್ನಾಟಕದಿಂದ ಹೋದ ಮೇಲ್ಮನವಿಗಳೇ. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತ್ರಿಸದಸ್ಯ ಪೀಠ ಗೊಂದಲಕ್ಕೆ ತೆರೆ ಎಳೆಯಿತು: ಹಕ್ಕು ಹುಟ್ಟಿನಿಂದ ಬರುವಂಥದ್ದು, ತಂದೆ ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ವಿಭಾಗಕ್ಕೆ ಧಕ್ಕೆಯಿಲ್ಲ. ಬರಿಯ ಬಾಯಿಮಾತಿನ ಸಾಕ್ಷ್ಯವನ್ನು ನೆಚ್ಚಿದ ಪಾಲುಪಾರೀಕತ್ತಿನ ವಾದಕ್ಕೆ ಬೆಲೆಯಿಲ್ಲ.

ಆದರೆ ಹಳ್ಳಿಯಲ್ಲಿ ಹಕ್ಕು ನಿರ್ಧಾರವಾಗುವುದು ತೀರ್ಪಿನಿಂದಲ್ಲ, ಪಹಣಿಯಿಂದ. ತಂದೆ ತೀರಿಕೊಂಡಾಗ ಸಲ್ಲಿಸುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋದರೆ ಪೌತಿ ಖಾತೆ ಗಂಡುಮಕ್ಕಳ ಹೆಸರಿಗೆ ಏರುತ್ತದೆ. ಹೆಸರಿದ್ದರೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲಾಗುತ್ತದೆ. ‘ಮದುವೆಗೆ ಖರ್ಚು ಮಾಡಿಲ್ಲವೇ?’ ಎಂಬ ಮಾತು, ತವರಿನ ಬಾಗಿಲು ಮುಚ್ಚೀತೆಂಬ ಭಯ, ಇವೆರಡೂ ಆ ಸಹಿಯ ಹಿಂದಿರುತ್ತವೆ. ಖಾತೆ ಬದಲಾವಣೆಯಿಂದ ಮಾಲೀಕತ್ವ ಹುಟ್ಟುವುದಿಲ್ಲವೆಂದು ನ್ಯಾಯಾಲಯಗಳು ಎಷ್ಟು ಬಾರಿ ಹೇಳಿದರೂ ಸಾಲ, ಪರಿಹಾರ, ಮಾರಾಟ ಎಲ್ಲವೂ ಪಹಣಿಯ ಹಿಂದೆಯೇ ನಡೆಯುತ್ತವೆ.

ದಾವೆ ಗೆದ್ದರೂ ಮುಗಿಯಿತೆಂದಲ್ಲ. ಪ್ರಾಥಮಿಕ ಡಿಕ್ರಿ ಪಾಲಿನ ಪ್ರಮಾಣವನ್ನಷ್ಟೇ ಹೇಳುತ್ತದೆ. ಕಂದಾಯ ಜಮೀನನ್ನು ಅಳೆದು ಬೇರ್ಪಡಿಸುವ ಕೆಲಸ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದ ಅಧಿಕಾರಿಯದು. ನ್ಯಾಯಾಲಯ, ಕಂದಾಯ ಕಚೇರಿ, ಭೂಮಾಪನ ಇಲಾಖೆಗಳ ನಡುವೆ ಕಡತ ಅಲೆಯುವಷ್ಟರಲ್ಲಿ ವಾದಿಯ ಸ್ಥಾನದಲ್ಲಿ ಆಕೆಯ ವಾರಸುದಾರರು ನಿಂತಿರುವುದೂ ಉಂಟು.

ಊರಲ್ಲೇ ಉಳಿದು, ಸಾಲ ತೀರಿಸಿ, ತಂದೆತಾಯಿಯನ್ನು ನೋಡಿಕೊಂಡ ಮಗನ ಅಳಲು ಸುಳ್ಳಲ್ಲ. ತುಂಡು ಹಿಡುವಳಿ ಇನ್ನಷ್ಟು ತುಂಡಾಗುವ ಆತಂಕವೂ ನಿಜ. ಅದಕ್ಕೆ ಉತ್ತರ ಸಹೋದರಿಯ ಹೆಸರನ್ನು ಮರೆಮಾಚುವುದಲ್ಲ. ಆಕೆಯ ಪಾಲಿಗೆ ನ್ಯಾಯವಾದ ಬೆಲೆ ಕೊಡುವುದು. ವಾರಸಾಗಿ ಬಂದ ಪಾಲನ್ನು ಒಬ್ಬರು ಮಾರಲು ಹೊರಟರೆ ಕೊಳ್ಳುವ ಆದ್ಯತೆ ಉಳಿದ ವಾರಸುದಾರರಿಗಿದೆ. ಕಾಯ್ದೆಯ ಈ 22ನೇ ಕಲಮು ಕೃಷಿ ಭೂಮಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಆದ್ದರಿಂದ ಸುಧಾರಣೆ ಆರಂಭವಾಗಬೇಕಾದುದು ನಾಡಕಚೇರಿಯಲ್ಲಿ. ಹೆಣ್ಣುಮಕ್ಕಳೂ ಸೇರಿದಂತೆ ಪ್ರತಿ ವಾರಸುದಾರರಿಗೂ ಖುದ್ದು ನೋಟಿಸ್ ತಲುಪದೆ ಪೌತಿ ಖಾತೆ ಮಂಜೂರಾಗಬಾರದು. ಡಿಕ್ರಿಯ ನಂತರದ ಅಳತೆಗೆ ಕಾಲಮಿತಿ ಬೇಕು. ತಂದೆತಾಯಿಗಳು ಬದುಕಿರುವಾಗಲೇ ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ವಿಭಾಗಪತ್ರವನ್ನು ನೋಂದಾಯಿಸಿದರೆ ನ್ಯಾಯಾಲಯದ ಮೆಟ್ಟಿಲೇರುವ ಪ್ರಮೇಯವೇ ಕಡಿಮೆಯಾದೀತು.