ಪ್ಲೇಗಿನ ನಂತರದ ಬೆಂಗಳೂರು: ಚೇತರಿಕೆಯನ್ನು ಅಳೆಯುವ ಬಗೆ

ಮಹಾಮಾರಿಗೆ ತುತ್ತಾದ ನಗರವೊಂದು ಎಂದು ಚೇತರಿಸಿಕೊಂಡಿತೆಂಬುದನ್ನು ನಿರ್ಣಯಿಸುವುದು ತೋರುವಷ್ಟು ಸುಲಭವಲ್ಲ. ಬೆಂಗಳೂರಿನ ಚರಿತ್ರೆಯಿಂದ ಈ ಮಾತನ್ನು ವಿಶದಪಡಿಸಬಹುದು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಜನರು ಮನೆಗಳನ್ನು ತೊರೆದು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಅನೇಕರು ಊರನ್ನೇ ಬಿಟ್ಟರು. ಓಡಾಟವನ್ನೇ ನಂಬಿದ ಪೇಟೆಯಲ್ಲಿ ಜನ ಚದುರಿದೊಡನೆ ಕೂಲಿಯೂ ತಪ್ಪಿತು.

ಈ ನಷ್ಟವನ್ನು ಅಳೆಯಲು ಜನಗಣತಿಯೇ ಮೊದಲ ಆಧಾರ. ಆಗಿನ ಬೆಂಗಳೂರು ಮೈಸೂರು ಸರ್ಕಾರದ ನಗರವೆಂದೂ ಬ್ರಿಟಿಷ್ ರೆಸಿಡೆಂಟರ ಅಧೀನದ ದಂಡುಪ್ರದೇಶವೆಂದೂ ಇಬ್ಭಾಗವಾಗಿದ್ದಿತು. ಇವೆರಡರ ಒಟ್ಟು ಜನಸಂಖ್ಯೆ 1891ರಲ್ಲಿ 1,80,366, 1901ರಲ್ಲಿ 1,59,046, 1911ರಲ್ಲಿ 1,89,485. ಇಷ್ಟನ್ನೇ ನೋಡಿದವರು 1911ರ ವೇಳೆಗೆ ನಷ್ಟವೆಲ್ಲ ತುಂಬಿಬಂದಿತೆಂದು ಹೇಳುವರು.

ಆದರೆ ಮೊತ್ತವನ್ನು ಬಿಡಿಸಿ ನೋಡಬೇಕು. ನಗರದ ಸಂಖ್ಯೆ 80,285ರಿಂದ 69,447ಕ್ಕೆ ಇಳಿದು, 1911ರಲ್ಲಿ 88,651ಕ್ಕೆ ಏರಿತು. ದಂಡಿನಲ್ಲಿ 1,00,081 ಇದ್ದುದು 89,599ಕ್ಕೆ ಇಳಿದು, ಬಳಿಕ 1,00,834 ಆಯಿತು. ಎಂದರೆ, 20 ವರ್ಷಗಳಲ್ಲಿ ನಗರವು 8,366 ಜನರನ್ನು ಹೆಚ್ಚಾಗಿ ಪಡೆದರೆ ದಂಡು ಪಡೆದುದು ಕೇವಲ 753. ಒಂದೇ ಊರಿನ ಎರಡು ಭಾಗಗಳು ಒಂದೇ ಸಮನಾಗಿ ಚೇತರಿಸಿಕೊಳ್ಳಲಿಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಜನಗಣತಿಯು ತಲೆಗಳನ್ನು ಎಣಿಸುತ್ತದೆಯೇ ಹೊರತು, ಹೋದವರೇ ಮರಳಿದರೋ ಅವರ ಸ್ಥಾನಕ್ಕೆ ಹೊಸಬರು ಬಂದರೋ ಎಂಬುದನ್ನು ಹೇಳುವುದಿಲ್ಲ. ಪ್ಲೇಗಿಗೆ ಮೊದಲೇ ಯೋಜಿತವಾಗಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅನಂತರ ಬೆಳೆದುವು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. 1905ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ನಗರವನ್ನು ತಲಪಿತು. ಇವು ನಗರದ ಬೆಳವಣಿಗೆಯ ಕುರುಹುಗಳೆಂಬುದು ನಿಜ. ಆದರೆ ವಿಶಾಲವಾದ ನಿವೇಶನದಲ್ಲಿ ಮನೆ ಕಟ್ಟಬಲ್ಲವನ ಚೇತರಿಕೆಯೂ, ಪೇಟೆಯ ಇಕ್ಕಟ್ಟಿನ ಗಲ್ಲಿಯಲ್ಲಿ ಮಗ್ಗ ನಿಲ್ಲಿಸಿದವನ ಚೇತರಿಕೆಯೂ ಒಂದೇ ಅಲ್ಲ. ಅದೂ ಅಲ್ಲದೆ, ಪ್ಲೇಗು ಒಮ್ಮೆ ಬಂದು ಹೋದುದಲ್ಲ. ವರ್ಷಗಳ ಕಾಲ ಮತ್ತೆ ಮತ್ತೆ ಮರುಕಳಿಸಿತು.

2020ರ ಮಾರ್ಚಿನಲ್ಲಿ ಕೋವಿಡ್ ದಿಗ್ಬಂಧನವಾದಾಗ ಇದೇ ಬೆಂಗಳೂರಿನಿಂದ ಕೂಲಿಗಾರರು ಗಂಟುಮೂಟೆ ಕಟ್ಟಿಕೊಂಡು ಹೊರಟರು. ಅನಂತರದ ಚೇತರಿಕೆಯನ್ನು ತೆರಿಗೆಯ ವಸೂಲಿ, ವಿದ್ಯುತ್ತಿನ ಬಳಕೆ ಮುಂತಾದುವುಗಳಿಂದ ತಿಂಗಳು ತಿಂಗಳೂ ಅಳೆದರು. ಆದರೆ ಯಾವ ಹಾಜರಿ ಪಟ್ಟಿಯಲ್ಲಿಯೂ ಹೆಸರಿಲ್ಲದ ದಿನಗೂಲಿಯವನು ಈ ಲೆಕ್ಕಗಳಿಗೆ ನೇರವಾಗಿ ಸಿಕ್ಕುವುದಿಲ್ಲ; 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಯಂತೂ ಆ ವರ್ಷ ನಡೆಯಲೇ ಇಲ್ಲ.

ಆದುದರಿಂದ ‘ನಗರವು ಚೇತರಿಸಿಕೊಂಡಿತು’ ಎಂಬ ವಾಕ್ಯವನ್ನು ಕಂಡಾಗ, ಯಾವ ಭಾಗ, ಯಾರ ಜೀವನ, ಯಾವ ಅಳತೆ ಎಂಬ ಮೂರು ಪ್ರಶ್ನೆಗಳನ್ನು ಅಭ್ಯಾಸಿಗಳು ಕೇಳಿಕೊಳ್ಳುವುದು ಲೇಸು.