ಹೆದ್ದಾರಿ ಪಕ್ಕದ ವೈರಿಂಗ್ ಮಿಸ್ತ್ರಿಗಳು

"ಲೈಟ್ ಹಚ್ಚಿದ್ರ ರೇಸ್ ಇಳೀತದ್ರೀ ಉಸ್ತಾದ್. ಬ್ರೇಕ್ ಒತ್ತಿ ನಿಂತ್ರ ಗಾಡಿ ಬಂದೇ ಬೀಳ್ತದ. ಬ್ಯಾಟರಿ ಹೊಸಾದೇ ಹಾಕ್ಸೀನಿ, ಆದ್ರೂ ಮುಂಜಾನಿ ಸೆಲ್ಫ್ ತಗೊಳ್ಳಲ್ಲ."

ಹುಮನಾಬಾದ್ ಮತ್ತು ಬಸವಕಲ್ಯಾಣದ ಆಟೊ ಎಲೆಕ್ಟ್ರಿಷಿಯನ್ ಅಂಗಡಿಗಳ ಮುಂದೆ ಹಳೆಯ ಮಾರುತಿ ಓಮ್ನಿ ತಂದು ನಿಲ್ಲಿಸುವವರ ದೂರು ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿಯುತ್ತದೆ. ಗಿರಾಕಿಗೆ ಇವು ಮೂರು ಬೇರೆ ಬೇರೆ ರೋಗ. ಲೈಟಿಗೆ ಒಬ್ಬರು, ಕಾರ್ಬುರೇಟರಿಗೆ ಒಬ್ಬರು, ಬ್ಯಾಟರಿಗೆ ಇನ್ನೊಬ್ಬರು ಎಂದು ಸುತ್ತಾಡಿ, ದುಡ್ಡು ಸುರಿದು, ಕೊನೆಗೆ ವೈರಿಂಗ್ ಮಿಸ್ತ್ರಿಯ ಬಳಿಗೆ ಬಂದಿರುತ್ತಾನೆ. ಕೆಲಸ ಬಲ್ಲ ಮಿಸ್ತ್ರಿ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ನೋಡುತ್ತಾನೆ. ಈ ಕಸುಬಿನ ಹೆಚ್ಚುಗಾರಿಕೆ ಇರುವುದು ಅಲ್ಲಿ. ಹೊಸ ಸಾಮಾನು ಹಾಕಲು ಬರುವವರು ಬಹಳ ಮಂದಿ ಇದ್ದಾರೆ, ತಪ್ಪು ಎಲ್ಲಿದೆ ಎಂದು ಹುಡುಕಬಲ್ಲವರು ಕಡಿಮೆ.

ಈ ಕಸುಬು ಇಲ್ಲಿ ಬೇರು ಬಿಟ್ಟದ್ದಕ್ಕೆ ಕಾರಣ ರಸ್ತೆ. ಪುಣೆಯಿಂದ ಸೊಲ್ಲಾಪುರ, ಉಮರ್ಗಾ ಹಾದು ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಬೀದರ್ ಜಿಲ್ಲೆಯನ್ನು ಅಡ್ಡಲಾಗಿ ಸೀಳುತ್ತದೆ. ಹಿರಿಯರ ಬಾಯಲ್ಲಿ ಅದು ಇಂದಿಗೂ ಒಂಬತ್ತನೇ ನಂಬರ್ ರೋಡು. ಸಸ್ತಾಪುರ ಬಂಗ್ಲಾದಲ್ಲಿ ಬಸವಕಲ್ಯಾಣದ ದಾರಿ ಕವಲೊಡೆಯುತ್ತದೆ. ಅಲ್ಲಿಂದ ಪೂರ್ವಕ್ಕೆ ಸಾಗಿದರೆ ಹುಮನಾಬಾದ್, ಬೀದರ್–ಕಲಬುರಗಿ ರಸ್ತೆ ಇದೇ ಹೆದ್ದಾರಿಯನ್ನು ಕೂಡುವ ಊರು. ಬಸವಕಲ್ಯಾಣ ಲಾರಿಗಳ ಊರೂ ಹೌದು. ಲಾರಿ ಕೊಳ್ಳುವ, ಮಾರುವ, ಬಿಚ್ಚುವ, ಕಟ್ಟುವ ಕೆಲಸ ಬಂಗ್ಲಾದ ಸುತ್ತಮುತ್ತ ನಡೆಯುತ್ತದೆ. ಲಾರಿ ಇದ್ದಲ್ಲಿ ಡೆಂಟಿಂಗ್, ಪೇಂಟಿಂಗ್, ಟೈರ್, ಪಾಟಾ, ವೈರಿಂಗ್ ಎಲ್ಲವೂ ಇರುತ್ತವೆ. ಕೋಟೆ ನೋಡಲು, ಅನುಭವ ಮಂಟಪ ನೋಡಲು, 108 ಅಡಿಯ ಬಸವಣ್ಣನ ಮೂರ್ತಿ ನೋಡಲು ಬರುವವರು ಈ ತಗಡಿನ ಶೆಡ್ಡುಗಳ ಸಾಲನ್ನು ಹಾದೇ ಹೋಗುತ್ತಾರೆ. ತಾವು ಕುಳಿತ ಗಾಡಿ ಮುನಿಸಿಕೊಂಡಾಗ ಮಾತ್ರ ಅತ್ತ ಕಣ್ಣು ಹೋಗುತ್ತದೆ.

ಲಾರಿಯ ವೈರಿಂಗಿನಲ್ಲಿ ಪಳಗಿದ ಕೈಗೆ ಓಮ್ನಿ ಸಣ್ಣ ಕೆಲಸ ಅನ್ನಿಸಬಹುದು. ಆದರೆ ತಲೆ ತಿನ್ನುವುದರಲ್ಲಿ ಅದು ಯಾವುದಕ್ಕೂ ಕಡಿಮೆಯಿಲ್ಲ. ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ 1984ರಲ್ಲಿ ಬಂದ ಈ ಗಾಡಿ 1988ರಲ್ಲಿ ಓಮ್ನಿ ಆಯಿತು. 2019ರಲ್ಲಿ ಹೊಸ ಸುರಕ್ಷತಾ ನಿಯಮಗಳಿಗೆ ಹೊಂದಲಾರದೆ ತಯಾರಿಕೆ ನಿಂತಿತು. ಅಷ್ಟೂ ಕಾಲ ಎಂಜಿನ್ ಅದೇ 796 ಸಿಸಿ, ಮೂರು ಸಿಲಿಂಡರಿನದು. ಮೊದಲು ಕಾರ್ಬುರೇಟರ್ ಇತ್ತು, ಆಮೇಲೆ ಕಂಪ್ಯೂಟರಿನ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಬಂತು. ಎಂಜಿನ್ ಕುಳಿತಿರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಸೀಟು ಎತ್ತಿದರೆ ಎಂಜಿನ್ ಕಾಣುತ್ತದೆ. ಬಿಸಿ, ದೂಳು, ಕೆಳಗಿನಿಂದ ಸಿಡಿಯುವ ನೀರು ಎಲ್ಲವೂ ಅಲ್ಲಿನ ವೈರುಗಳಿಗೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ, ಆ ಇಕ್ಕಟ್ಟಿನೊಳಗೆ ಇಪ್ಪತ್ತು ವರ್ಷ ಬೆಂದ ವೈರಿನ ಪ್ಲಾಸ್ಟಿಕ್ ಮುಟ್ಟಿದರೆ ಪುಡಿಯಾಗುತ್ತದೆ. ರಾತ್ರಿ ಹೊಲದ ಮನೆಯ ಮುಂದೆ ನಿಂತ ಗಾಡಿಯೊಳಗೆ ಇಲಿ ನುಗ್ಗಿ ವೈರ್ ಕಡಿದರೆ ಅದು ಬೇರೆಯೇ ಪುರಾಣ. ಆದರೂ ಶಾಲೆಯ ಮಕ್ಕಳನ್ನು, ಹಾಲಿನ ಕ್ಯಾನನ್ನು, ಹುಮನಾಬಾದ್ ಬಳಿಯ ಮಾಣಿಕನಗರಕ್ಕೆ ಹೊರಟ ಭಕ್ತರನ್ನು, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಅಂಗಡಿ ಹಾಕುವವರ ಸರಕನ್ನು ಹೊರುತ್ತ ಈ ಗಾಡಿಗಳು ಇನ್ನೂ ಓಡುತ್ತಿವೆ.

ದೂರಿಗೆ ಬರೋಣ. ಲೈಟ್ ಹಚ್ಚಿದರೆ ರೇಸ್, ಅಂದರೆ ಎಂಜಿನ್ ತಿರುಗುವ ವೇಗ, ಇಳಿಯುವುದೇಕೆ? ಎರಡು ಹೆಡ್‌ಲೈಟಿನ 55 ವಾಟ್ ಬಲ್ಬುಗಳು ಸೇರಿ 110 ವಾಟ್. ಅಂದರೆ 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿನಷ್ಟು ಕರೆಂಟ್. ಹೆದ್ದಾರಿಯಲ್ಲಿ ರಾತ್ರಿ ಓಡಿಸುವವರು ರಿಲೇ ಹಾಕಿಸದೆ 100 ವಾಟಿನ ಬಲ್ಬು ಹಾಕಿಸಿಕೊಂಡರೆ ಅದು ಹದಿನಾರು ಹದಿನೇಳು ಆಂಪಿಯರಿಗೆ ಏರುತ್ತದೆ, ಸ್ವಿಚ್ಚೂ ಕರಗಬಹುದು. ಇದರ ಜೊತೆಗೆ ಬ್ಲೋವರ್, ವೈಪರ್, ಸ್ಟೀರಿಯೊ. ಎಂಜಿನ್ ಸ್ಲೋ ಸ್ಪೀಡಿನಲ್ಲಿ, ನಿಮಿಷಕ್ಕೆ ಸುಮಾರು 900 ಸುತ್ತು ತಿರುಗುವಾಗ, ಆಲ್ಟರ್ನೇಟರ್ ತನ್ನ ಪೂರ್ತಿ ಕರೆಂಟ್ ಕೊಡಲಾರದು. ಇಲ್ಲಿನ ಮಂದಿ ಅದನ್ನು ಇನ್ನೂ ಡೈನಮೊ ಎಂದೇ ಕರೆಯುತ್ತಾರೆ. ಕರೆಂಟ್ ಹೆಚ್ಚು ಬೇಡಿದಷ್ಟೂ ಅದು ಎಂಜಿನ್ನಿಗೆ ಭಾರವಾಗುತ್ತದೆ. ಚೆನ್ನಾಗಿರುವ ಎಂಜಿನ್ ಆ ಭಾರವನ್ನು ಹೊತ್ತು ನಿಲ್ಲುತ್ತದೆ. ಗಾಳಿ, ಪೆಟ್ರೋಲ್, ಕಿಡಿ ಈ ಮೂರರಲ್ಲಿ ಒಂದು ಮೊದಲೇ ಕುಂಟುತ್ತಿದ್ದರೆ ಮಂಡಿಯೂರುತ್ತದೆ.

ಎಂಪಿಎಫ್‌ಐ ಗಾಡಿಯಲ್ಲಿ ಇನ್ನೊಂದು ಸುತ್ತು ಇದೆ. ವೋಲ್ಟೇಜ್ ಕುಸಿದರೆ ಇಂಜೆಕ್ಟರ್ ತಡವಾಗಿ ತೆರೆಯುತ್ತದೆ. ಕಂಪ್ಯೂಟರ್ ಅದನ್ನು ಸರಿದೂಗಿಸಲು ನೋಡಿದರೂ ಸೆನ್ಸರುಗಳ ಅರ್ಥ್ ಕೊಳೆತಿದ್ದರೆ ಅದಕ್ಕೆ ಮುಟ್ಟುವ ಲೆಕ್ಕವೇ ಸುಳ್ಳು. ಕೆಲವು ಕಾರ್ಬುರೇಟರುಗಳಲ್ಲಿ ಸ್ಲೋ ಸ್ಪೀಡಿನ ಪೆಟ್ರೋಲ್ ದಾರಿಗೆ ಕರೆಂಟಿನಿಂದ ತೆರೆಯುವ ಸಣ್ಣ ವಾಲ್ವ್ ಇರುತ್ತದೆ. ಅದರ ಒಂದೇ ವೈರ್ ಸಡಿಲವಾದರೆ ಗಾಡಿ ಓಡುವಾಗ ಸರಿ, ನಿಂತರೆ ಬಂದ್. ಜೆಟ್ ತೊಳೆದು, ಸ್ಕ್ರೂ ತಿರುಗಿಸಿ ದಿನಗಟ್ಟಲೆ ಒದ್ದಾಡುವುದಕ್ಕಿಂತ ಆ ವೈರನ್ನು ಒಮ್ಮೆ ಮುಟ್ಟಿ ನೋಡುವುದು ಮೇಲು. ರೇಸಿನ ರೋಗವೂ ವೈರಿನ ರೋಗವೂ ಒಂದೇ ಮನೆಯವು ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಅರ್ಥಿಂಗ್. ಇಡೀ ಕಸುಬಿನಲ್ಲಿ ಅತಿ ಹೆಚ್ಚು ಸತಾಯಿಸುವ, ಅತಿ ಕಡಿಮೆ ಖರ್ಚಿನಲ್ಲಿ ಸರಿಹೋಗುವ ಜಾಗ ಇದು. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ಕರೆಂಟ್ ಬಲ್ಬಿಗೋ ಸೆಲ್ಫಿಗೋ ಹೋಗಿ, ಎಂಜಿನ್ ಮತ್ತು ಬಾಡಿಯ ಕಬ್ಬಿಣದ ಮೂಲಕ ಮೈನಸ್ಸಿಗೆ ಮರಳಬೇಕು. ಕಾಲುವೆಯ ಕೊನೆಯಲ್ಲಿ ಮಣ್ಣು ಕಟ್ಟಿದರೆ ಮೇಲೆ ಎಷ್ಟು ನೀರು ಬಿಟ್ಟರೂ ಹರಿವು ನಿಲ್ಲುವ ಹಾಗೆ, ಮರಳುವ ದಾರಿ ತುಕ್ಕು ಹಿಡಿದರೆ ಹೊಸ ಬ್ಯಾಟರಿಯೂ ಕೆಲಸಕ್ಕೆ ಬಾರದು. ಸೆಲ್ಫ್ ತಿರುಗುವಾಗ 100 ಆಂಪಿಯರ್ ಎಳೆಯಿತು ಎನ್ನಿ. ಅರ್ಥ್ ಬೋಲ್ಟಿನ ತುಕ್ಕಿನಲ್ಲಿ ಬರೀ 0.02 ಓಮ್ ತಡೆ ಇದ್ದರೂ ಅಲ್ಲೇ ಎರಡು ವೋಲ್ಟ್ ಕರಗಿಹೋಗುತ್ತದೆ. ಹನ್ನೆರಡರಲ್ಲಿ ಎರಡು ಹೋದರೆ ಉಳಿದದ್ದರಲ್ಲಿ ಸೆಲ್ಫ್ ಸುತ್ತಬೇಕು, ಪ್ಲಗ್ಗಿಗೆ ಕಿಡಿಯೂ ಬೇಕು. ಮುಂಜಾನೆ ಗಾಡಿ ನರಳುವುದು ಇದರಿಂದ. ಗಿರಾಕಿ ಬೈಯುವುದು ಮಾತ್ರ ಬ್ಯಾಟರಿಗೆ.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಎಂಜಿನ್ನಿನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ ತುಂಡಾದರೆ ಕರೆಂಟ್ ಸುಮ್ಮನಿರುವುದಿಲ್ಲ, ಸಿಕ್ಕ ಕಬ್ಬಿಣದ ದಾರಿ ಹಿಡಿಯುತ್ತದೆ. ಎಕ್ಸಲರೇಟರ್ ಕೇಬಲ್, ಕ್ಲಚ್ ಕೇಬಲ್ ಆ ದಾರಿಯಾಗಬಹುದು. ತೆಳುವಾದ ಕೇಬಲ್ ಕಾದು, ಒಳಗಿನ ಪ್ಲಾಸ್ಟಿಕ್ ಕರಗಿ, ಎಕ್ಸಲರೇಟರ್ ಬಿಗಿಯುತ್ತದೆ. ಆಗ ರೇಸ್ ಇಳಿಯುವ ಬದಲು ಏರಿಯೇ ನಿಲ್ಲುತ್ತದೆ. ಕೇಬಲ್ ಬದಲಿಸಿದರೆ ಕೆಲವು ದಿನ ಆರಾಮ, ಮತ್ತೆ ಅದೇ ಗೋಳು. ಮೇಲಿಂದ ಮೇಲೆ ಕೇಬಲ್ ಸುಡುವ ಗಾಡಿ ಬಂದರೆ ಅರ್ಥ್ ಪಟ್ಟಿಯನ್ನೇ ಮೊದಲು ನೋಡಬೇಕು. ಹಾಗೆಯೇ, ಡೆಂಟಿಂಗ್–ಪೇಂಟಿಂಗ್ ಮುಗಿಸಿ ಬಂದ ಗಾಡಿಯಲ್ಲಿ ದಿಢೀರನೆ ಲೈಟ್ ಮಂಕಾದರೆ ಅರ್ಥ್ ಬೋಲ್ಟಿನ ಕೆಳಗೆ ಬಣ್ಣ ಕುಳಿತಿದೆಯೇ ಎಂದು ಕೆರೆದು ನೋಡಬೇಕು.

ಮಿಸ್ತ್ರಿಯ ಆಯುಧ ಬಹಳವಿಲ್ಲ. ಎರಡು ವೈರ್ ಬೆಸೆದ ಒಂದು 12 ವೋಲ್ಟಿನ ಬಲ್ಬು, ಒಂದು ಮಲ್ಟಿಮೀಟರ್, ಬೆಸುಗೆ ಕಡ್ಡಿ, ಪಕ್ಕಡ್, ಸ್ಯಾಂಡ್‌ಪೇಪರ್. ಕಲಿತವರು ಕೆಲವರು ಈ ಟೆಸ್ಟ್ ಬಲ್ಬನ್ನು ಹಗುರವಾಗಿ ಕಾಣುತ್ತಾರೆ. ನನಗೆ ಅದರ ಮೇಲೆ ಗೌರವವಿದೆ. ಒಂದೇ ಎಳೆ ಉಳಿದ ಸವೆದ ವೈರಿನಲ್ಲೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಅದು ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬಲ್ಬು ಕರೆಂಟ್ ಎಳೆಯುತ್ತದೆ, ಎಳೆದ ಕೂಡಲೇ ಆ ಎಳೆಯ ಬಣ್ಣ ಬಯಲಾಗುತ್ತದೆ. ಆದರೆ ಇದೇ ಬಲ್ಬನ್ನು ಎಂಪಿಎಫ್‌ಐ ಕಂಪ್ಯೂಟರಿನ ಸೆನ್ಸರ್ ವೈರಿಗೆ ತಾಗಿಸಬಾರದು. ಅಷ್ಟು ಕರೆಂಟ್ ತಡೆಯುವ ಶಕ್ತಿ ಆ ಸರ್ಕ್ಯೂಟಿಗಿಲ್ಲ, ಸುಟ್ಟರೆ ಕಂಪ್ಯೂಟರ್ ಬದಲಿಸಬೇಕು. ಎಲ್ಲಿ ಬಲ್ಬು, ಎಲ್ಲಿ ಮೀಟರ್ ಎಂಬ ವಿವೇಕ ಇರುವವನೇ ಉಸ್ತಾದ್.

ಮೀಟರಿನ ಕೆಲಸವೂ ಸರಳ. ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಚಾಲೂ ಆದಮೇಲೆ 13.8ರಿಂದ 14.4ರ ನಡುವೆ. ಅದಕ್ಕಿಂತ ಇಳಿದರೆ ಬೆಲ್ಟ್, ಕಾರ್ಬನ್, ಡಯೋಡ್ ಕಡೆ ನೋಡಬೇಕು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೇ ಇಟ್ಟು, ಇನ್ನೊಂದನ್ನು ಎಂಜಿನ್ ಬ್ಲಾಕಿಗೆ ಒತ್ತಿ ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟ್ ದಾಟಿತೋ, ಅರ್ಥ್ ಹಾಳಾಗಿದೆ. ಸಾಮಾನು ಒಂದೂ ಬಿಚ್ಚದೆ ಸಿಗುವ ಉತ್ತರ ಇದು. ರಾತ್ರಿ ಬ್ಯಾಟರಿ ಇಳಿಯುವ ಗಾಡಿಯಾದರೆ ಎಲ್ಲ ಬಂದ್ ಮಾಡಿ, ಮೈನಸ್ ವೈರಿನ ನಡುವೆ ಮೀಟರ್ ಸೇರಿಸಿ ಕರೆಂಟ್ ಅಳೆಯುತ್ತಾರೆ. 50 ಮಿಲಿ ಆಂಪಿಯರಿಗಿಂತ ಹೆಚ್ಚು ಕಂಡರೆ ಅನುಮಾನ. ಅರ್ಧ ಆಂಪಿಯರ್ ಸೋರಿದರೆ 35 ಆಂಪಿಯರ್ ಅವರಿನ ಬ್ಯಾಟರಿ ಮೂರು ದಿನಕ್ಕೆ ಬರಿದು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತ ಹೋದರೆ, ಯಾವುದನ್ನು ಕಿತ್ತಾಗ ಮುಳ್ಳು ಬೀಳುತ್ತದೋ ಅಲ್ಲಿದೆ ಕಳ್ಳ. ನೇರ ಬ್ಯಾಟರಿಗೆ ಜೋಡಿಸಿದ ಸ್ಟೀರಿಯೊ ಎಷ್ಟೋ ಸಲ ಸಿಕ್ಕಿಬೀಳುತ್ತದೆ. ಯಾವ ಫ್ಯೂಸಿಗೂ ಜಗ್ಗದಿದ್ದರೆ ಆಲ್ಟರ್ನೇಟರಿನ ಡಯೋಡ್ ಮೇಲೂ ಅನುಮಾನ ಪಡಬೇಕು.

ಬ್ರೇಕ್ ಒತ್ತಿದರೆ ಗಾಡಿ ಬಂದ್ ಬೀಳುವುದನ್ನು ಬಿಡಿಸುವ ಬಗೆ ನನಗೆ ಬಹಳ ಇಷ್ಟ. ಬ್ರೇಕ್ ಒತ್ತಿದಾಗ ಎರಡು ಸಂಗತಿ ನಡೆಯುತ್ತವೆ: ಹಿಂದಿನ ಬಲ್ಬುಗಳು ಉರಿಯುತ್ತವೆ, ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಅದು ಎಂಜಿನ್ನಿನ ವ್ಯಾಕ್ಯೂಮನ್ನು ಎಳೆದುಕೊಳ್ಳುತ್ತದೆ. ಯಾವುದು ತಪ್ಪಿತಸ್ಥ? ಬ್ರೇಕ್ ಲೈಟಿನ ಫ್ಯೂಸ್ ಕಿತ್ತು ಮತ್ತೆ ಒತ್ತಬೇಕು. ಈಗ ರೇಸ್ ಇಳಿಯದಿದ್ದರೆ ದೋಷ ವೈರಿಂಗಿನದು, ಇಳಿದರೆ ಬೂಸ್ಟರಿನದೋ ಅದರ ಪೈಪಿನದೋ. ವ್ಯಾಕ್ಯೂಮ್ ಪೈಪುಗಳು ಬಿಸಿಲಿಗೆ ಬಿರಿದು ಕಳ್ಳಗಾಳಿ ಒಳನುಗ್ಗುವುದು ಹಳೆಯ ಓಮ್ನಿಗಳಲ್ಲಿ ಸಾಮಾನ್ಯ. ಅದನ್ನು ಹುಡುಕಲು ಪೆಟ್ರೋಲ್ ಚಿಮುಕಿಸುವವರಿದ್ದಾರೆ. ಎಂಜಿನ್ ಸೀಟಿನಡಿ, ಗಾಡಿಯೊಳಗೇ ಇರುವಾಗ ಅದು ಪ್ರಾಣದ ಜೊತೆ ಆಟ. ಪಕ್ಕಡಿನಿಂದ ಒಂದೊಂದೇ ಪೈಪನ್ನು ಮೆಲ್ಲಗೆ ಅದುಮಿದರೂ ಸಾಕು, ಬಿರಿದ ಪೈಪ್ ಅದುಮಿದಾಗ ರೇಸ್ ತಾನೇ ಬದಲಾಗುತ್ತದೆ.

ಗ್ಯಾಸಿಗೆ ಬದಲಿಸಿದ ಗಾಡಿಗಳ ತಾಪತ್ರಯ ಬೇರೆ. ಗ್ಯಾಸಿನಲ್ಲೇ ಓಡಿಸಿ ಪೆಟ್ರೋಲ್ ಮುಟ್ಟದೆ ಬಿಟ್ಟರೆ ಕಾರ್ಬುರೇಟರಿನ ಜೆಟ್ ಅಂಟುಗಟ್ಟುತ್ತದೆ. ಎಂಪಿಎಫ್‌ಐ ಆಗಿದ್ದರೆ ಬರಿದಾದ ಟ್ಯಾಂಕಿನೊಳಗೆ ಪಂಪ್ ಒಣಗಿ ಸುಡುತ್ತದೆ. ಕಿಟ್ ಹಾಕುವಾಗ ಮೂಲ ವೈರನ್ನು ಕತ್ತರಿಸಿ, ತಿರುಚಿ, ಟೇಪ್ ಸುತ್ತಿದ ಜೋಡಣೆಗಳು ನಾಲ್ಕು ಬೇಸಿಗೆಗೆ ಬಿಚ್ಚಿಕೊಳ್ಳುತ್ತವೆ. ಬೆಸುಗೆ ಹಾಕಿ ಸ್ಲೀವ್ ತೊಡಿಸದ ಜೋಡಣೆ ಜೋಡಣೆಯೇ ಅಲ್ಲ. ಮನೆಯ ಅಡುಗೆ ಸಿಲಿಂಡರನ್ನೇ ಗಾಡಿಗೆ ಜೋಡಿಸುವುದಂತೂ ಕಾನೂನಿಗೆ ವಿರುದ್ಧ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಅದನ್ನು ಕಂಡರೆ ಮಿಸ್ತ್ರಿ ಕೆಲಸ ಒಪ್ಪಿಕೊಳ್ಳಲೇಬಾರದು.

ಹೊಸ ಕಾರುಗಳಿಗೆ ಸ್ಕ್ಯಾನರ್ ಚುಚ್ಚಿದರೆ ದೋಷದ ನಂಬರು ಬರುತ್ತದೆ. ನಮ್ಮ ದೇಶದಲ್ಲಿ ಆ ವ್ಯವಸ್ಥೆ ಕಡ್ಡಾಯವಾದದ್ದು 2010ರಿಂದ ಈಚೆಗೆ, ಹಂತ ಹಂತವಾಗಿ. ಅದಕ್ಕೂ ಹಿಂದಿನ ಓಮ್ನಿಗೆ ಕಣ್ಣು, ಕಿವಿ, ಮೀಟರೇ ಸ್ಕ್ಯಾನರ್. ಐಟಿಐಗಳಲ್ಲಿ ಮೋಟಾರ್ ವಾಹನ ಮೆಕ್ಯಾನಿಕ್ ಕೋರ್ಸ್ ಎರಡು ವರ್ಷದ್ದು. ಸಿದ್ಧಾಂತ ಅಲ್ಲಿ ಸಿಗುತ್ತದೆ, ಸಿಗಲೇಬೇಕು. ಆದರೆ ಇಪ್ಪತ್ತು ವರ್ಷದಲ್ಲಿ ಐದು ಕೈ ಬದಲಿಸಿದ, ಪ್ರತಿ ಕೈಯೂ ಒಂದೊಂದು ಹೊಸ ವೈರ್ ಎಳೆದ ಗಾಡಿಯ ನಕ್ಷೆ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಉಸ್ತಾದನ ಪಕ್ಕ ಕುಳಿತು ಹುಡುಗ ಕಲಿಯಬೇಕು. ಕನ್ನಡ, ದಖನಿ, ಮರಾಠಿ ಮೂರೂ ಬೆರೆತ ಮಾತಿನಲ್ಲಿ ಇಲ್ಲಿ ಆ ಪಾಠ ನಡೆಯುತ್ತದೆ.

ನನಗೆ ಬೇಸರ ತರಿಸುವುದು ಕೂಲಿಯ ರೀತಿ. ಹೊಸ ಆಲ್ಟರ್ನೇಟರಿಗೆ ಸಾವಿರಗಟ್ಟಲೆ ಎಣಿಸಿ ಕೊಡುವವರು, ಅರ್ಧ ದಿನ ಹುಡುಕಿ ಒಂದು ಬೋಲ್ಟ್ ಉಜ್ಜಿ ಸರಿಮಾಡಿದವನಿಗೆ "ಏನ್ ಹಾಕ್ಯಾನಂತ ಇಷ್ಟು ಕೇಳ್ತಾನ" ಅನ್ನುತ್ತಾರೆ. ಹೀಗಾದರೆ ಹುಡುಕುವ ಮಿಸ್ತ್ರಿಯೂ ಸಾಮಾನು ಬದಲಿಸುವವನಾಗುತ್ತಾನೆ, ನಷ್ಟ ಗಿರಾಕಿಗೇ. ಹುಡುಕಾಟಕ್ಕೆ ಇಂತಿಷ್ಟು ಎಂದು ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಸ್ಲೋ ಸ್ಪೀಡ್ ಸರಿಯಾದರೆ ಲಾಭ ಪೆಟ್ರೋಲಿಗಷ್ಟೇ ಅಲ್ಲ. ಹೊಗೆ ತಪಾಸಣೆ ಸ್ಲೋ ಸ್ಪೀಡಿನಲ್ಲೂ ನಡೆಯುತ್ತದೆ. ಬಿಎಸ್–4 ಪೆಟ್ರೋಲ್ ಗಾಡಿಗೆ ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇಕಡ 0.3. ಹದಿನೈದು ವರ್ಷ ತುಂಬಿದ ಸ್ವಂತ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, 2022ರಿಂದ ಅದರ ಶುಲ್ಕವೂ ಬಹಳ ಏರಿದೆ. ಲೈಟ್, ಹಾರ್ನ್, ಹೊಗೆ ಮೂರೂ ಸರಿಯಿಲ್ಲದೆ ನವೀಕರಣದ ಬಾಗಿಲು ದಾಟಲಾಗದು.

ಹಳೆಯ ಓಮ್ನಿ ಇರುವವರು ಮಿಸ್ತ್ರಿಯ ಬಳಿ ಹೋಗುವಾಗ "ಬ್ಯಾಟರಿ ಖರಾಬ್ ಆಗ್ಯದ" ಎಂದು ತೀರ್ಪು ಹೇಳುವುದು ಬೇಡ, ಕಂಡದ್ದನ್ನು ಹೇಳಿ. ಗಾಡಿ ತಣ್ಣಗಿದ್ದಾಗಲೋ ಕಾದ ಮೇಲೋ, ಲೈಟ್ ಹಚ್ಚಿದಾಗಲೋ ಬ್ರೇಕ್ ಒತ್ತಿದಾಗಲೋ, ಗ್ಯಾಸಿನಲ್ಲೋ ಪೆಟ್ರೋಲಿನಲ್ಲೋ, ಮಳೆಯ ನಂತರವೋ, ಇತ್ತೀಚೆಗೆ ಯಾರಾದರೂ ಯಾವುದಾದರೂ ವೈರ್ ಮುಟ್ಟಿದ್ದಾರೋ. ಕೆಲಸ ಮುಗಿದ ಮೇಲೆ ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಚ್ಚಿ, ಬ್ರೇಕ್ ಒತ್ತಿಕೊಂಡು ಹತ್ತು ನಿಮಿಷ ಸ್ಲೋ ಸ್ಪೀಡಿನಲ್ಲಿ ನಿಲ್ಲಿಸಿ ನೋಡಿ. ಸಾಧ್ಯವಾದರೆ ಗಾಡಿಯನ್ನು ರಾತ್ರಿ ಅಲ್ಲೇ ಬಿಟ್ಟು, ಮುಂಜಾನೆ ಎಂಜಿನ್ ತಣ್ಣಗಿರುವಾಗ ಮೊದಲ ಸೆಲ್ಫನ್ನು ಮಿಸ್ತ್ರಿಯ ಎದುರಿಗೇ ಹೊಡೆಯಿರಿ.